ಕಸೂತಿ ಹೊದ್ದ ರೂಟರು

ಸಾಜೀದಗ ಬಸ್ಸಿನ ಸೀಟು ಬಿಟ್ಟರ ಬ್ಯಾರೆ ಎಲ್ಲೂ ಚಲೋ ನಿದ್ದಿ ಬರತಿರಲಿಲ್ಲ. ಎರಡು ಸಾವಿರದ ಆರರ ಸುಮಾರು, ರೋಣದ ಒಂದು ಸಹಕಾರಿ ಬ್ಯಾಂಕಿಗೆ ಕಂಪ್ಯೂಟರ ಬಂದಾಗಿಂದ ಅವುಗಳ ರಿಪೇರಿ ನೋಡತಿದ್ದ ಅವನ ಬಾಳೇವು ಹಿಂಗ: ಇವತ್ತ ನರಗುಂದ, ನಾಳೆ ಗಜೇಂದ್ರಗಡ. ಶಾಖೆಗಳ ಲೆಕ್ಕ ಎಲ್ಲಾ ರೋಣದ ರೂಟರ ಹಾದೇ ಹೋಗಬೇಕು. ಆ ಡಬ್ಬಿ ಮುನಿಸಿಕೊಂಡರ ಮೂರೂ ಊರಿನ ಕೌಂಟರು ಗಪ್ಪ. ಬೈಗಳ ಮಾತ್ರ ಸಾಜೀದಗ! ಅತ್ತ ಅವನ ತಾಯಿ ಜಮಾಲಬಿಗೆ ಕಣ್ಣಿನ ಪೊರೆ ಬಲಿತು, ಅಕ್ಕಿಯೊಳಗಿನ ಹರಳು ಕಾಣದಂಗಾಗಿತ್ತು. ಗದಗಿನ ದವಾಖಾನಿಗೆ ಹೊಂಟಾಗೊಮ್ಮೆ ಬ್ಯಾಂಕಿನ ಫೋನು ಬರತಿತ್ತು.

ಕಡೀಕ ಮ್ಯಾನೇಜರ ಜಯತೀರ್ಥ ಎರಡನೇ ರೂಟರು ತರಿಸಿದರು. ಒಂದು ಕೆಟ್ಟರ ಇನ್ನೊಂದು ತಾನಾಗೇ ಕೆಲಸ ಹಿಡಿತೈತಿ, ಯಾರೂ ಕೈ ಹಚ್ಚಬೇಕಿಲ್ಲ. ಸಾಜೀದ ಎಲ್ಲಾರ ಮುಂದ ಮೊದಲನೇದರ ವಾಯರ ಕಿತ್ತು ತೋರಿಸಿದ. ಕೌಂಟರಿನ ಕೆಲಸ ನಿಲ್ಲಲೇ ಇಲ್ಲ.

"ಭಲೇ! ಇನ್ನರೆ ನಿಮ್ಮ ತಾಯಾರನ್ನ ಕರಕೊಂಡ ಹೋಗ್ರಿ," ಅಂದರು ಜಯತೀರ್ಥ.

ಕ್ಯಾಶಿಯರ್ ಇಂದಿರಾಬಾಯಿ ಖುಷಿಗೆ, ಧೂಳ ಹತ್ತಬಾರದಂತ, ಎರಡೂ ಡಬ್ಬಿಗೆ ಕೂಡಿಸಿ ಕಸೂತಿ ಹಾಕಿದ ಗವಸು ಹೊಲಕೊಂಡ ಬಂದರು. ನಮ್ಮ ಮಂದೀದ ಕೇಳಬ್ಯಾಡ್ರಿ, ಟಿವಿಗೆ ಗವಸು, ಫೋನಿಗೆ ಗವಸು, ಮಿಕ್ಸರಿಗೂ ಗವಸು! ಸಾಜೀದ ಬ್ಯಾಡ ಅನ್ನಬೇಕಿತ್ತು. ದಣಿದ ಜೀವ, ಹೋಗಲಿ ಬಿಡು ಅಂತ ಸುಮ್ಮನಾದ.

ಗವಸಿನೊಳಗ ಗಾಳಿ ಇಲ್ಲದ ಮೊದಲನೇ ರೂಟರು ಕಾದು ಸತ್ತಿತು. ಅದರ ಕೆಂಪು ದೀಪ ಯಾರಿಗೂ ಕಾಣಲಿಲ್ಲ. ಎರಡನೇದು ಚಕಾರ ಎತ್ತದೆ ಕೆಲಸ ಹಿಡೀತು. ಫೋನು ಬರದೇ ಇದ್ದದ್ದನ್ನ ಸಾಜೀದ, ಪಾಪ, ನೆಮ್ಮದಿ ಅಂತ ತಿಳಕೊಂಡ.

ಆಪರೇಶನ್ನಿನ ದಿನ ಗದಗಿನ ದವಾಖಾನಿ ಬೆಂಚಿನ ಮ್ಯಾಲೆ ತಾಯಿ-ಮಗ ಕುಂತಾಗ ಫೋನು ಬಂತು. ಎರಡನೇದೂ ಕಾದು ಸತ್ತಿತ್ತು.

"ಸಂತಿ ದಿನಾರಿ, ಮಂದಿ ಬಾಗಲದಾಗ ನಿಂತು ಒದರ್ಯಾಡಾಕತ್ತಾರ. ಲಗೂ ಬರ್ರಿ!" ಜಯತೀರ್ಥರ ದನಿ ಅಳು ಬಂದವರಂಗ ಇತ್ತು.

"ಹೋಗ ಬೇಟಾ, ನಾ ಇಲ್ಲೇ ಕುಂತಿರ್ತೀನಿ," ಅಂದಳು ಜಮಾಲಬಿ.

ಬಾಣಂತಿ ಹೆಂಡತಿ ತವರಿನ್ಯಾಗ ಇದ್ದಳು. ತಾಯಿ ಜೋಡಿ ಇರಾಕ ಬ್ಯಾರೆ ಯಾರೂ ಇರಲಿಲ್ಲ. ಆದರೂ ಸಾಜೀದ ಹೋದ. ಬ್ಯಾಂಕಿನ ಅಟ್ಟದ ಮ್ಯಾಲೆ ಎಂದೋ ಎತ್ತಿಟ್ಟಿದ್ದ ಇನ್ನೊಂದು ಹಳೇ ರೂಟರು ಇಳಿಸಿ, ಹಚ್ಚಿ, ಮೂರೂ ಊರಿನ ಕೆಲಸ ಚಾಲೂ ಮಾಡಿ ತಿರುಗಿ ಗದಗಿಗೆ ಬರೋದ್ರಾಗ ಹೊತ್ತು ಇಳಿದಿತ್ತು.

ಜಮಾಲಬಿ ಅದೇ ಬೆಂಚಿನ ಮ್ಯಾಲೆ ಕುಂತಿದ್ದಳು.

"ಹೆಸರ ಕರದ್ರು ಬೇಟಾ. ಜೋಡಿ ಯಾರೂ ಇಲ್ಲಂದ್ರ ಒಳಗ ಒಯ್ಯಂಗಿಲ್ಲ ಅಂದ್ರು. ಇನ್ನೊಮ್ಮೆ ಬಾ ಅಂದಾರ. ನಾ ಎಲ್ಲಾರಿಗೂ ಹೇಳೇನಿ, ನನ್ನ ಮಗ ಇಲ್ಲಂದ್ರ ಮೂರೂರಿನ ಬ್ಯಾಂಕ ನಡಿಯಂಗಿಲ್ಲ ಅಂತ!" ಅಂದು ಹೆಮ್ಮೆಯಿಂದ ನಕ್ಕಳು.

ಸಾಜೀದ ಅವಳ ಬಾಜೂಕ ಕುಂತ. ಕಣ್ಣೀರು ಗಲ್ಲದ ಮ್ಯಾಲೆ ಇಳಿದವು. ಒರೆಸಿಕೊಳ್ಳಲಿಲ್ಲ. ತಾಯಿಗೆ ಅವು ಕಾಣತಿರಲಿಲ್ಲ.