ಎಮ್ಮೆಯ ಪಾಲಿನ ರೊಟ್ಟಿ

ಬೆಳವಣಕಿಯ ಸಕ್ರವ್ವ ರೋಣದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಲೇ ಅರ್ಧ ಆಯುಷ್ಯ ಸವೆಸಿದವಳು. ಅಂಗೈ ಅಂದರೆ ಹಂಚಿನ ತಳ. ಒಲೆಯ ಉರಿ ತಡೆದುಕೊಂಡಾಳು, ದಿನಾ ಸಂಜೆ ಉಳಿದ ರೊಟ್ಟಿ-ಅನ್ನದ ಮೇಲೆ ಮಾಲೀಕ ಗವಿಸಿದ್ದಪ್ಪ ತಾನೇ ನಿಂತು ಫಿನಾಯಿಲ್ ಸುರಿಯುವಾಗ ಮಾತ್ರ ಅವಳ ಹೊಟ್ಟೆ ಉರಿಯುತ್ತಿತ್ತು. ಅಯ್ಯ, ಅವನೇನು ಕೆಟ್ಟವನಲ್ಲ! ಹೋದ ವರ್ಷ ಉಳಿದದ್ದನ್ನು ಕೂಲಿಯವರಿಗೆ ಹಂಚಿದ್ದ. ಯಾರೋ ಒಬ್ಬ ವಾಂತಿ ಮಾಡಿಕೊಂಡ. ಠಾಣೆ, ದವಾಖಾನೆ ಅಂತ ತಿರುಗಿ ತಿರುಗಿ ಸಾಕಾಯಿತು, ಖಾನಾವಳಿಗೆ ತಿಂಗಳೊಪ್ಪತ್ತು ಬೀಗ ಬಿತ್ತು. ದಾನ ಮಾಡಲು ಹೋಗಿ ದಂಡ ತೆತ್ತ ಪಾಪ. ಅಂದಿನಿಂದ, ಉಳಿದದ್ದನ್ನು ಯಾರೂ ಎತ್ತಿ ತಿನ್ನದಿರಲೆಂದು ಈ ಫಿನಾಯಿಲ್.

ಈ ಸಲ ಹೊಳೆಆಲೂರಿನಲ್ಲಿ ಮಲಪ್ರಭೆ ದಂಡೆ ಮೀರಿದಾಗ ಅವಳ ತಂಗಿ ಗಾಳೆವ್ವ ಎಳೆಗೂಸು, ಹಾಲು ಕೊಡದ ಗಬ್ಬದ ಎಮ್ಮೆ ಸಮೇತ ದಿಬ್ಬದ ಮೇಲಿನ ಸಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರ ಸೇರಿದಳು. ನರಗುಂದದ ಕಡೆಯಿಂದ ಬರಬೇಕಿದ್ದ ಊಟದ ಗಾಡಿ ನೀರಿಗೆ ಸಿಕ್ಕು ಬರಲೇ ಇಲ್ಲ. ಬಾಣಂತಿ ಫೋನಿನಲ್ಲಿ ಅತ್ತಳು: "ಅಕ್ಕಾ, ಎದಿಯಾಗ ಹಾಲ ಬತ್ತ್ಯಾವ. ಕೂಸು ಅಳೂದೂ ಬಿಟ್ಟೈತಿ."

ಸಕ್ರವ್ವ ಮಾಲೀಕನ ಕಾಲು ಹಿಡಿದಳು. "ಖಡಕ್ ರೊಟ್ಟಿ ತಿಂಗಳಾದ್ರೂ ಕೆಡೂದಿಲ್ರೀ ಸಾವ್ಕಾರ್ರ. ಇವತ್ತೊಂದಿನ ಫಿನಾಯಿಲ್ ಹಾಕಬ್ಯಾಡ್ರಿ."

"ಕಾನೂನಿಗೆ ಖಡಕ್ ಯಾವ್ದು, ಹಳಸಿದ್ದು ಯಾವ್ದು ಗೊತ್ತೇನಬೇ?" ಎಂದವನು ಕಡೆಗೆ ಕರಗಿದ. "ತಗೊಂಡ ಹೋಗು. ನನ್ನ ಹೆಸರ ಮಾತ್ರ ಹೇಳಬ್ಯಾಡ."

ಟ್ರ್ಯಾಕ್ಟರ್ ಹತ್ತಿ, ಕೆಸರು ತುಳಿದು ಸಾಲೆ ಮುಟ್ಟಿದಳು. ಗೇಟಿನ ಕಾವಲಿನವನು ಗಂಟು ನೋಡಿ, "ಎಲ್ಲೀದು?" ಎಂದ. ಮನೆಯದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನ ಹಿಡಿದು ಸುಳ್ಳಾಡಬಾರದು ಎಂದು ಬೆಳೆದ ಹೆಂಗಸು, "ಖಾನಾವಳ್ಯಾಗ ಉಳಿದದ್ರಿ" ಎಂದುಬಿಟ್ಟಳು. ಹಾಳಾದ ಬಾಯಿ!

"ಉಳಿದದ್ದು ಒಳಗ ಬಿಡಾಂಗಿಲ್ಲ. ನಾಳೆ ಯಾರರ ಸತ್ರ? ಸಾಹೇಬ್ರ ಆರ್ಡರ್ ಬೇಕು. ಅವರ ಫೋನ ಹತ್ತವಲ್ದು."

"ಉಪಾಸ ಸತ್ರ ಯಾರ ಮ್ಯಾಲೆ ಕೇಸ್ರೀ?" ಸಕ್ರವ್ವ ಚೀರಿದಳು.

ಅವನು ಬೇಲಿಯತ್ತ ಕೈ ತೋರಿದ. "ಬೇಕಾದ್ರ ಎಮ್ಮಿಗೆ ಹಾಕಬೇ. ಅದಕ್ಕ ಆರ್ಡರ್ ಬ್ಯಾಡ."

ಗೇಟಿನ ಹೊರಗೆ ಬೇಲಿಗೆ ಕಟ್ಟಿದ್ದ ತಂಗಿಯ ಎಮ್ಮೆಯ ಮುಂದೆ ಬುಟ್ಟಿಯಿತ್ತು. ಸಕ್ರವ್ವ ಅಳುತ್ತ ಅದರೊಳಗೆ ರೊಟ್ಟಿ ಸುರುವಿದಳು. ಅಷ್ಟರಲ್ಲಿ ಗಾಳೆವ್ವ ಕೂಸನ್ನು ಅವುಚಿಕೊಂಡು ಓಡಿಬಂದಳು. ಎಮ್ಮೆಯ ಮೂತಿಯನ್ನು ಮೊಳಕೈಯಿಂದ ದೂಡಿ ಬುಟ್ಟಿಗೆ ಕೈ ಹಾಕಿದಳು. ಎಮ್ಮೆಯ ಮರೆಯಲ್ಲೇ ಕುಕ್ಕರಗಾಲಲ್ಲಿ ಕೂತು ಕಟಕಟ ಕಡಿಯತೊಡಗಿದಳು. ಕಾವಲಿನವನು ಮುಖ ಆಚೆ ತಿರುಗಿಸಿದ.

"ಸಾವಕಾಶ ತಿನ್ನ, ನನ್ನವ್ವಾ," ಎಂದಳು ಸಕ್ರವ್ವ. "ಎಮ್ಮಿ ಏನೂ ಅನ್ನೂದಿಲ್ಲ."