ರೈಟರ ಹೆಸರಿನಲ್ಲಿದ್ದ ವಿಳಾಸ

ಅಥವಾ ಆ ಫಾರಂ ತುಂಬಿದ್ದು ನಾನೇ ಇರಬಹುದು. ಇಷ್ಟು ವರ್ಷ ತೋಟದ ರೈಟರು ತುಂಬಿದರು ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅವರ ಬಾಗಿದ ಅಕ್ಷರ, ನೀಲಿ ಶಾಯಿ, ಸಹಿಯ ಕೆಳಗೆ ಎಳೆದ ಗೆರೆ ಎಲ್ಲ ಕಣ್ಣೆದುರು ಬರುತ್ತವೆ. ಆದರೆ ಆ ಫಾರಂ ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ. ಅಲ್ಲಿ ಯಾರ ಅಕ್ಷರವೂ ಇರಲು ಸಾಧ್ಯವಿಲ್ಲ. ಹಾಗಾಗಿ ನೀಲಿ ಶಾಯಿ ಸುಳ್ಳು. ಉಳಿದದ್ದರಲ್ಲಿ ಎಷ್ಟು ಸುಳ್ಳೋ, ಬರೆಯುತ್ತಾ ನೋಡಬೇಕು.

ಸುಳ್ಳಲ್ಲದ್ದು ಇಷ್ಟು. ಮೂಡಿಗೆರೆ ಕಡೆ ದೇವರಮನೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ನನ್ನ ಸೋದರತ್ತೆಯ ಕಾಫಿ ತೋಟವಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆಯೇ ಅದನ್ನು ನೋಡಿಕೊಳ್ಳುತ್ತಿದ್ದರು. ಕಾಫಿ ರೇಟು ನೆಲಕಚ್ಚಿದ ಆ ಕೆಲವು ವರ್ಷಗಳಲ್ಲಿ ಬಂಗಲೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡತೊಡಗಿದರು. ನಾನಾಗ ಚಿಕ್ಕಮಗಳೂರಿನಲ್ಲಿದ್ದೆ, ಸೈಬರ್ ಕೆಫೆಯಲ್ಲಿ ಕೂತು ವೆಬ್ ಪುಟ ಮಾಡುವುದನ್ನು ಕಲಿಯುತ್ತಿದ್ದೆ. ನಾನು ಬರೆದು ಅಲ್ಲಿ ಹಾಕಿದ ಕತೆಗಳನ್ನು ಯಾರೂ ನೋಡಲಿಲ್ಲ. ಅತ್ತೆಯ ಎರಡು ಕೋಣೆಗಳ ಬಗ್ಗೆ ಮಾಡಿದ ನಾಲ್ಕು ಪುಟಗಳನ್ನು ಜನ ನೋಡಿದರು.

ಆ ಪುಟಗಳಿದ್ದದ್ದು ಒಂದು ಪುಕ್ಕಟೆ ಜಾಗದಲ್ಲಿ. ಅದರ ವಿಳಾಸವೇ ಒಂದೂವರೆ ಸಾಲು. ಬೆಂಗಳೂರಿನಿಂದ ಯಾರಾದರೂ ಫೋನಿನಲ್ಲಿ ಕೇಳಿದರೆ ಅತ್ತೆ ಗೋಡೆಗೆ ಅಂಟಿಸಿದ ಚೀಟಿ ನೋಡಿ ಓದುತ್ತಿದ್ದರು: “ಆಮೇಲೆ ಒಂದು ಓರೆ ಗೆರೆ. ಆಮೇಲೆ ಎರೆಹುಳದ ಹಾಗೆ ಡೊಂಕು ಗೆರೆ ಒಂದಿದೆ. ಹ್ಞಾಂ, ಎರೆಹುಳ. ಇಲ್ಲ ಸ್ವಾಮಿ, ರೂಮಲ್ಲಿ ಅಲ್ಲ, ವಿಳಾಸದಲ್ಲಿ.”

“ಇದು ಆಗೋದಲ್ಲ ಮಾರಾಯ್ತಿ,” ಎಂದರು ಒಂದು ದಿನ. “ತೋಟಕ್ಕೊಂದು ಹೆಸರಿಲ್ವಾ? ಅದನ್ನ ಹೊಡೆದ್ರೆ ಬರೋ ಹಾಗೆ ಮಾಡು.”

ಹಾಗೆ ಮಾಡಬಹುದು ಎಂಬುದನ್ನು ನಾನು ಓದಿ ತಿಳಿದುಕೊಂಡೆ. ತಿಳಿದಷ್ಟೂ ವಿಚಿತ್ರವೆನಿಸಿತು. ಪುಟಗಳು ಯಾವುದೋ ದೇಶದ ಯಂತ್ರದಲ್ಲಿರುತ್ತವೆ. ಹೆಸರು ಇನ್ನೆಲ್ಲೋ ಒಂದು ದಾಖಲೆಯಲ್ಲಿರುತ್ತದೆ. ಹೆಸರು ಹೇಳಿಕೊಂಡು ಬಂದವರನ್ನು ಪುಟಗಳಿರುವ ಕಡೆ ಕಳಿಸುವುದಷ್ಟೇ ಆ ದಾಖಲೆಯ ಕೆಲಸ. ನಾಳೆ ಪುಟಗಳನ್ನು ಬೇರೆ ಯಂತ್ರಕ್ಕೆ ಎತ್ತಿಟ್ಟರೂ ಹೆಸರು ಅದೇ, ಬರುವವರಿಗೆ ಗೊತ್ತೇ ಆಗುವುದಿಲ್ಲ. ಇನ್ನೂ ವಿಚಿತ್ರವೆಂದರೆ ಹೆಸರು ಯಾರದ್ದೂ ಆಗಿರುವುದಿಲ್ಲ. ಇಷ್ಟು ವರ್ಷಕ್ಕೆಂದು ಬರೆಸಿಕೊಳ್ಳಬೇಕು, ಅವಧಿ ಮುಗಿಯುವ ಮೊದಲು ಮತ್ತೆ ಬರೆಸಬೇಕು. ತಪ್ಪಿದರೆ ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ಯಾವ ಹೆಸರು ಖಾಲಿ ಇದೆ ಎಂದು ನೋಡಲು ಪರದೆಯಲ್ಲಿ ಒಂದು ಪೆಟ್ಟಿಗೆಯಿತ್ತು. ಒಂದು ಮಧ್ಯಾಹ್ನವಿಡೀ ಅದರಲ್ಲಿ ಹೆಸರು ಹೊಡೆಯುತ್ತಾ ಕೂತಿದ್ದೆ. ಊರುಗಳಲ್ಲಿ ಅತ್ತಿಗುಂಡಿ ಖಾಲಿ ಇತ್ತು. ಸಂಸೆ ಇತ್ತೋ ಇಲ್ಲವೋ ನೆನಪಿಲ್ಲ. ನನ್ನ ತೀರಿಹೋದ ಅಜ್ಜನ ಹೆಸರು ಖಾಲಿ ಇತ್ತು, ನಮ್ಮ ನಾಯಿಯದ್ದು ಇರಲಿಲ್ಲ. ತೋಟದ ಹೆಸರು ಖಾಲಿ ಇತ್ತು.

ಬರೆಸುವ ಕೆಲಸಕ್ಕೆ ಅತ್ತೆ ರೈಟರನ್ನು ಕಳಿಸಿದರು. ನಮ್ಮ ಕಡೆ ತೋಟದ ಆಳುಗಳ ಹಾಜರಿ, ಕಾಗದಪತ್ರ, ಆಫೀಸು ಅಲೆದಾಟ ಎಲ್ಲ ರೈಟರದ್ದು. ಅವರಿಗೆ ಐವತ್ತು ದಾಟಿತ್ತು, ಮಾವನ ಕಾಲದಿಂದ ಇದ್ದವರು. ಅಂಚೆಯವನು ಬಂಗಲೆಗೆ ಬರುತ್ತಿರಲಿಲ್ಲ. ಪತ್ರಗಳೆಲ್ಲ ರೈಟರ ಕೈಗೆ. ಗೊಬ್ಬರದ ಅರ್ಜಿಯಿರಲಿ, ಫೋನಿನ ದೂರಿರಲಿ, ಉತ್ತರ ಬೇಗ ಬರಲೆಂದು ಅವರು ತಮ್ಮ ಹೆಸರನ್ನೇ ಹಾಕುತ್ತಿದ್ದರು. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ. ಎಲ್ಲ ತೋಟಗಳಲ್ಲೂ ಹಾಗೇ ನಡೆಯುತ್ತಿತ್ತು. ಚಿಕ್ಕಮಗಳೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಹೆಸರು ಯಾರದ್ದು ಎಂದು ಫಾರಂ ಕೇಳಿತು. ತೋಟದವರಲ್ಲಿ ಇ-ಮೇಲ್ ಇದ್ದದ್ದು ರೈಟರಿಗೆ ಮಾತ್ರ, ಅದನ್ನೂ ನಾನೇ ಅದೇ ದಿನ ಮಾಡಿಕೊಟ್ಟಿದ್ದೆ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ ಎಂದು ಎಚ್ಚರಿಸಿದ್ದೆ. ಎಲ್ಲ ಖಾನೆಗಳಲ್ಲೂ ಅವರ ಹೆಸರು ಬಿತ್ತು. ಒತ್ತಿದ್ದು ಅವರ ಬೆರಳೋ ನನ್ನದೋ ಎಂಬುದು ಮೊದಲೇ ಹೇಳಿದ ಅನುಮಾನ. ಎರಡು ವರ್ಷಕ್ಕೆ ಬರೆಸಿ ಹೊರಬಂದು ಇಬ್ಬರೂ ಮಸಾಲೆ ದೋಸೆ ತಿಂದೆವು.

ವಿಳಾಸ ಚಿಕ್ಕದಾಯಿತು. ಅತ್ತೆ ಅದನ್ನು ದೇವರಮನೆ ತಿರುವಿನ ಬೋರ್ಡಿನ ಮೇಲೆ ಬರೆಸಿದರು. ಬಂದವರೆಲ್ಲ ಅದನ್ನು ಇನ್ನೊಬ್ಬರಿಗೆ ಬಾಯಲ್ಲೇ ಹೇಳಿದರು. ಕೋಣೆಗಳು ತುಂಬತೊಡಗಿದವು. ಕೊಯ್ಲಿಗೆ ಜನ ಕರೆಯುವುದು ಕೂಡ ಆ ಕೋಣೆಗಳ ಬಾಡಿಗೆಯ ಬಲದಿಂದ ಎನ್ನುವ ಸ್ಥಿತಿಗೆ ಬಂತು.

ಅಷ್ಟರಲ್ಲಿ ಅತ್ತೆ ರೈಟರನ್ನು ಕೆಲಸದಿಂದ ಬಿಡಿಸಿದ್ದರು. ಕಾಫಿಯಿಂದ ಏನೂ ಉಳಿಯುತ್ತಿರಲಿಲ್ಲ, ಹಾಜರಿಯನ್ನು ತಾವೇ ಬರೆದುಕೊಳ್ಳುವುದಾಗಿ ಹೇಳಿದರು. ವಿಷಯವನ್ನು ಮೇಸ್ತ್ರಿಯ ಬಾಯಲ್ಲಿ ಹೇಳಿ ಕಳಿಸಿದರು. ರೈಟರು ಸಂಸೆಯ ಒಂದು ತೋಟ ಸೇರಿದರು ಎಂದು ಆಮೇಲೆ ಕೇಳಿದೆವು.

ಯಾವ ಹೆಸರನ್ನು ಯಾರು ಬರೆಸಿಕೊಂಡಿದ್ದಾರೆ ಎಂದು ಲೋಕದ ಯಾರು ಬೇಕಾದರೂ ನೋಡಬಹುದು ಎಂದು ನನಗೆ ತಿಳಿದದ್ದು ಎರಡನೆಯ ವರ್ಷದ ಕೊನೆಗೆ. ಕುತೂಹಲಕ್ಕೆ ತೋಟದ ಹೆಸರು ಹೊಡೆದೆ. ಮಾಲೀಕರ ಜಾಗದಲ್ಲಿ ರೈಟರ ಹೆಸರು. ಅವಧಿ ಮುಗಿಯಲು ಹನ್ನೊಂದು ದಿನ. ಮತ್ತೆ ಬರೆಸಿ ಎಂಬ ನೋಟೀಸುಗಳೆಲ್ಲ ಅವರ ಇ-ಮೇಲಿಗೆ ಹೋಗಿರಬೇಕು. ಕಂಪ್ಯೂಟರ್ ಸೆಂಟರಿನವರು, “ಅವರೇ ಒಳಗೆ ಹೋಗಿ ಬದಲಾಯಿಸಬೇಕು, ನಮ್ಮ ಕೈಲಿಲ್ಲ” ಎಂದರು.

ಸಂಜೆ ತೋಟಕ್ಕೆ ಹೋಗಿ ವಿಷಯ ಹೇಳಿದೆ. “ಫೋನ್ ಮಾಡು,” ಎಂದರು ಅತ್ತೆ.

“ಮಾಡಿದೆ. ಅವರ ತೋಟದ ಸಾಹುಕಾರ್ರು ಎತ್ತಿದ್ರು. ರೈಟ್ರು ಹಾಜರಿಗೆ ಹೋಗಿದಾರೆ, ಏನು ವಿಷಯ ಅಂದ್ರು.”

“ಏನಂದೆ?”

“ಏನೂ ಇಲ್ಲ ಅಂದೆ.”

ಮಾರನೆಯ ಬೆಳಿಗ್ಗೆ ಅತ್ತೆ ತಾವೇ ಜೀಪು ತೆಗೆದರು. ಕೊಟ್ಟಿಗೆಹಾರ ದಾಟಿ ಕಳಸ ಮುಟ್ಟಿದೆವು. ಕಳಸದಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು, “ಇದು ಕಡಿಮೆಯಾಯ್ತಾ?” ಎಂದು ಕೇಳಿದರು. ಆಗ ನನಗೆ ಹೊಳೆಯಿತು: ಅತ್ತೆ ಜೀವಮಾನದಲ್ಲಿ ಯಾವ ರೈಟರ ಮನೆಯ ಒಳಗೂ ಹೋದವರಲ್ಲ. ರೈಟರು ಬಂಗಲೆಗೆ ಬರುವುದು, ಮೆಟ್ಟಿಲ ಕೆಳಗೆ ನಿಲ್ಲುವುದು. ಅದು ಕ್ರಮ.

ರೈಟರ ಮನೆ ಕಾಫಿ ಒಣಗಿಸುವ ಕಣದ ಪಕ್ಕದಲ್ಲಿತ್ತು. ಅವರು ಓಡಿ ಬಂದರು. “ಅಮ್ಮಾ, ನೀವ್ಯಾಕೆ ಬರಕ್ಕೆ ಹೋದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ!”

ಅವರ ಹೆಂಡತಿ ಕುರ್ಚಿ ತಂದು ಸೆರಗಿನಿಂದ ಒರೆಸಿದರು. ಅತ್ತೆ ಒಳಗೆ ಹೋಗಿ ಕೂತರು. ರೈಟರು ಬಾಗಿಲಿಗೊರಗಿ ನಿಂತೇ ಇದ್ದರು.

“ಕೂತ್ಕೊಳ್ಳಿ ರೈಟ್ರೆ. ಈಗ ಮಾಲೀಕರು ನೀವೇ ಅಂತೆ,” ಎಂದರು ಅತ್ತೆ. ಅದರಲ್ಲಿ ಕೊಂಕಿತ್ತು.

“ಎಂತದರ ಮಾಲೀಕರು ಅಮ್ಮ?” ಎಂದರು ರೈಟರ ಹೆಂಡತಿ. “ಒಂದು ಮಿಕ್ಸಿ ಕೇಳಿ ಮೂರು ವರ್ಷ ಆಯ್ತು.”

ನಾನು ಮುದ್ರಿಸಿ ತಂದಿದ್ದ ಹಾಳೆ ಕೊಟ್ಟು, ಹೆಸರನ್ನು ಅತ್ತೆಗೆ ವರ್ಗಾಯಿಸಬೇಕೆಂದೂ ಇನ್ನು ಹತ್ತೇ ದಿನ ಉಳಿದಿದೆಯೆಂದೂ ವಿವರಿಸಿದೆ. ರೈಟರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು.

“ಇದನ್ನ ಯಾರು ಬೇಕಾದ್ರೂ ನೋಡ್ಬಹುದಾ?”

“ನೋಡ್ಬಹುದು.”

“ಅಮೆರಿಕಾದೋರು?”

“ಅವರೂ.”

“ಎರಡು ವರ್ಷದಿಂದ ಹೀಗೇ ಇತ್ತಾ?” ಎಂದು ಇನ್ನೊಮ್ಮೆ ಓದಿದರು. ಆಮೇಲೆ ಹಾಳೆಯನ್ನು ಮಡಚಿ, “ಪಾಸ್‌ವರ್ಡ್ ನೆನಪಿಲ್ಲ ಅಮ್ಮ,” ಎಂದರು.

ಅತ್ತೆ ರೈಟರ ಹೆಂಡತಿ ಕೊಟ್ಟಿದ್ದ ಕಾಫಿ ಲೋಟ ಕೆಳಗಿಟ್ಟರು. “ಯಾವ ಗಾಳೀಲಿ ತೋಟದ ಯಾವ ಪಟ್ಟೇಲಿ ಸಿಲ್ವರ್ ಮರ ಬಿತ್ತು ಅಂತ ಹೇಳ್ತಿದ್ದೋರು ನೀವು. ಎಂಟು ಅಕ್ಷರ ಮರೆತ್ರಾ?”

“ಅದು ಪುಸ್ತಕದಲ್ಲಿ ಬರ್ದಿತ್ತಲ್ಲ ಅಮ್ಮ. ಇದನ್ನ ಬರೀಬೇಡಿ ಅಂತ ಇವರೇ ಹೇಳಿದ್ದು,” ಎಂದು ನನ್ನ ಕಡೆ ಕೈ ತೋರಿಸಿದರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅತ್ತೆ ಎದ್ದು ನಿಂತು, “ಮೇಸ್ತ್ರಿ ಹತ್ರ ಹೇಳಿಸಬಾರದಿತ್ತು. ನಾನೇ ಹೇಳ್ಬೇಕಿತ್ತು,” ಎಂದರು ಎಂದು ಬರೆಯಲು ಕೈ ಹೋಗುತ್ತದೆ. ಅವರು ಹಾಗೆ ಅಂದರೇ? ಜೀಪಿನಲ್ಲಿ ವಾಪಸು ಬರುವಾಗ ನನಗೆ ಅಂದದ್ದೇ? ಅಥವಾ ಅಂದಿದ್ದರೆ ಚೆನ್ನಾಗಿತ್ತು ಎಂದು ನಾನು ಸೇರಿಸಿದ್ದೇ? ಅತ್ತೆಯನ್ನು ಕೇಳಿದ್ದೆ. “ನಾನ್ಯಾಕೆ ಹಾಗನ್ಲಿ?” ಎಂದರು. ಅದನ್ನೂ ನಂಬುವಂತಿಲ್ಲ. ರೈಟರು ಜೀಪಿನವರೆಗೆ ಬಂದದ್ದು, “ಸೋಮವಾರ ಕಳಸಕ್ಕೆ ಹೋಗ್ತೀನಿ, ನೋಡ್ತೀನಿ ಅಮ್ಮ” ಎಂದದ್ದು ಮಾತ್ರ ಖಚಿತ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ನಾನು ದಿನಕ್ಕೆ ಎರಡು ಸಲ ಆ ದಾಖಲೆ ತೆರೆದು ನೋಡುತ್ತಿದ್ದೆ. ತಿರುವಿನ ಬೋರ್ಡಿಗೆ ಬೇರೆ ವಿಳಾಸ ಬರೆಸುವುದೋ ಬೇಡವೋ ಎಂದು ಅತ್ತೆ ಫೋನಿನಲ್ಲಿ ಕೇಳುತ್ತಿದ್ದರು. “ಎರೆಹುಳಾನೇ ವಾಪಸ್ ಬರ್ತದೆ ಅನ್ಸುತ್ತೆ,” ಎಂದರು ಒಮ್ಮೆ, ನಗಲಿಲ್ಲ. ಬೇರೆ ಯಾವುದೋ ರೆಸಾರ್ಟಿನವರು ಹೆಸರಿಗಾಗಿ ಕಾದಿದ್ದಾರೆ ಎಂದು ನಾನು ಹೆದರಿದ್ದೆ, ಯಾರೂ ಕಾದಿರಲಿಲ್ಲವೇನೋ.

ಕೊನೆಗೆ ಎರಡು ದಿನ ಉಳಿದಿರುವಾಗ ದಾಖಲೆ ಬದಲಾಗಿತ್ತು. ಅವಧಿ ಮುಂದಕ್ಕೆ ಹೋಗಿತ್ತು. ಮಾಲೀಕರ ಜಾಗದಲ್ಲಿ ಅತ್ತೆಯ ಹೆಸರು. ತೋಟದ ಎಲ್ಲ ಕಾಗದಗಳಲ್ಲೂ ಅತ್ತೆ ‘ದಿವಂಗತ ಇಂಥವರ ಪತ್ನಿ’. ಹಾಗೆ ಬರೆಯುತ್ತಿದ್ದವರು ರೈಟರೇ. ಇಲ್ಲಿ ಬರೀ ಅವರ ಹೆಸರಿತ್ತು. ಮುದ್ರಿಸಿ ತೋರಿಸಿದಾಗ ಅತ್ತೆ, “ಇಷ್ಟೇನಾ?” ಎಂದು ಹಾಳೆಯ ಹಿಂಭಾಗ ತಿರುಗಿಸಿ ನೋಡಿದರು. ಸಂಸೆಗೆ ಫೋನು ಮಾಡಿ ರೈಟರನ್ನು ಕರೆಸಿದೆ. “ಆಯ್ತಲ್ಲಮ್ಮ,” ಎಂದರು. ಅಷ್ಟರಲ್ಲಿ ಅವರ ಕಡೆ ಯಾರೋ ಕೂಗಿದರು, ಫೋನು ಇಟ್ಟರು.

ಅವರು ಪಾಸ್‌ವರ್ಡ್ ನಿಜವಾಗಿ ಮರೆತಿದ್ದರೇ, ಮರೆತಿದ್ದರೆ ಕಳಸದಲ್ಲಿ ಯಾರ ಸಹಾಯದಿಂದ ಒಳಹೋದರು, ಮರೆತಿರಲಿಲ್ಲವಾದರೆ ಅಷ್ಟು ದಿನ ಯಾಕೆ ಸುಮ್ಮನಿದ್ದರು, ಇದು ಯಾವುದೂ ನನಗೆ ಗೊತ್ತಿಲ್ಲ. ಆಮೇಲೆ ಎರಡು ಸಲ ಅವರನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ, ಮಾತಾಡಿದೆ. ಕೇಳಲಿಲ್ಲ.