ವಿಳಾಸವುಳ್ಳ ದೆವ್ವಗಳ ತಿಲಗವತಿ

ಬೆಳಗಿನ ಐದೂವರೆ. ದ್ರಾಕ್ಷಿ ಚಪ್ಪರದ ಕೆಳಗೆ ಇನ್ನೂ ಮಬ್ಬು. ಹನ್ನೆರಡು ಮಂದಿ ಹೆಂಗಸರು ಕತ್ತು ಮೇಲೆತ್ತಿ, ಕೈ ಮೇಲೆತ್ತಿ, ಪುಟ್ಟ ಕತ್ತರಿಗಳಲ್ಲಿ ಗೊಂಚಲು ಕತ್ತರಿಸುತ್ತಿದ್ದಾರೆ. ಬಿಸಿಲೇರುವ ಮೊದಲು ಹಣ್ಣು ಲಾರಿ ಹತ್ತಬೇಕು. ಮಾತಿಲ್ಲ, ಕತ್ತರಿಯ ಸದ್ದಷ್ಟೇ. ಆಗ ನಡುವಿನ ಸಾಲಿನಿಂದ ಒಂದು ಒರಟು ದನಿ ಏಳುತ್ತದೆ.

"ಒಬ್ಳು ಇದ್ಲು."

"ಎಲ್ಲಿ?" ಎಂದು ಹನ್ನೊಂದು ಬಾಯಿ ಒಟ್ಟಿಗೆ ಕೇಳುತ್ತವೆ.

"ಪೆರಿಯಕುಳಂದಾಗೆ. ಬಸ್ ಸ್ಟ್ಯಾಂಡ್ ಇಂದೆ ಮಾವಿನ ತೋಪು ಅದಲ್ಲ, ಮೂರ್ನೇ ಸಾಲು, ಗಿಡ್ಡ ಮರ."

ಇಷ್ಟು ಹೇಳಿದ ಮೇಲೆಯೇ ದೆವ್ವಕ್ಕೆ ಕತೆಯೊಳಗೆ ಬರಲು ಅಪ್ಪಣೆ. ಆ ಮರದ ಹಣ್ಣುಗಳನ್ನು ಎಷ್ಟು ಸಲ ಎಣಿಸಿದರೂ ಒಂದು ಹಣ್ಣು ಜಾಸ್ತಿ ಬರುತ್ತದಂತೆ. ಆ ಜಾಸ್ತಿ ಹಣ್ಣನ್ನು ಮುಟ್ಟಿದರೆ ಮಲಗಿದ ಮಗುವಿನ ಕೆನ್ನೆಯ ಹಾಗೆ ಬೆಚ್ಚಗಿರುತ್ತದಂತೆ. ಅಯ್ಯಪ್ಪಾ! ಪತ್ರಿಕೆಗೆ ಬರೆಯಲೆಂದು ಹೋಗಿದ್ದ ನಾನು, ಹಿಡಿದಿದ್ದ ಗೊಂಚಲನ್ನು ಸರಕ್ಕನೆ ಬಿಟ್ಟುಬಿಟ್ಟೆ. ಅದು ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಪಕ್ಕದ ಸಾಲಿನ ರಾಜಮ್ಮಾಳ್‌ಗೆ ಎಪ್ಪತ್ತು ವರ್ಷ. ಆಕೆ ಬಾಯಿ ತುಂಬಾ ನಗುತ್ತಾ, "ಪೇಪರ್‌ಕಾರಮ್ಮ ಪಯಪಟ್ಟುಬುಟ್ಲು" ಎಂದು ಸಾಲಿನುದ್ದಕ್ಕೂ ಸಾರಿದಳು.

ಕತೆ ಹೇಳುತ್ತಿದ್ದವಳು ತಿಲಗವತಿ. ವಯಸ್ಸು ಐವತ್ತೇಳು. ಕಂಬಂ ಕಣಿವೆಯ ದ್ರಾಕ್ಷಿ ತೋಟಗಳಲ್ಲಿ ನಲವತ್ತೊಂದು ವರ್ಷಗಳಿಂದ ಗೊಂಚಲು ಕತ್ತರಿಸುತ್ತಿದ್ದಾಳೆ. ಶತಮಾನಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಬೇಸಾಯಗಾರರ ಮನೆಯವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ತೋಟದಲ್ಲಿ ಎರಡೂ ಕಲಸಿದ್ದು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ತಮಿಳು ಅಕ್ಷರ ಮಾತ್ರ ಗೊತ್ತು. ಆ ಅಕ್ಷರದಲ್ಲೇ ತನ್ನ ಮನೆಮಾತನ್ನು ಬರೆದು ಒಂಬತ್ತು ನೋಟ್‌ಬುಕ್ ತುಂಬಿಸಿದ್ದಾಳೆ. ಒಟ್ಟು ಮೂವತ್ತೊಂದು ಕತೆ. ಚಿನ್ನಾಳಪಟ್ಟಿಯ ಮಗ್ಗದ ಮೇಲೆ ತಾನಾಗಿಯೇ ಬೆಳೆಯುವ ಸೀರೆಯಂಚು, ಘಾಟಿ ಇಳಿಯುತ್ತಾ ಇಳಿಯುತ್ತಾ ಭಾರವಾಗುವ ಖಾಲಿ ಲಾರಿ, ಅಬ್ಬಿಯ ಬಳಿ ಮುಖ ಕಡ ಕೊಟ್ಟು ವಾಪಸು ಕೇಳದ ಹೆಂಗಸು. ಎಲ್ಲವೂ ಆಕೆಯ ತಲೆಯಲ್ಲಿ ಹುಟ್ಟಿದವು. ಒಂದನ್ನು ಬಿಟ್ಟು. ಆ ಒಂದರ ಮಾತು ಆಮೇಲೆ.

ಕೆಲಸ ಅಂದರೆ ಹೂವೆತ್ತಿದ ಹಾಗೆ ಅಂದುಕೊಳ್ಳಬೇಡಿ. ಚಪ್ಪರದ ಎತ್ತರ ಆರಡಿಯೂ ಇಲ್ಲ. ದಿನಕ್ಕೆ ಆರು ಗಂಟೆ ಮುಖ ಆಕಾಶಕ್ಕೆ ಮಾಡಿ ನಿಲ್ಲಬೇಕು. ಒಡೆದ ಕಾಳು, ಕೊಳೆತ ಕಾಳುಗಳನ್ನು ಗೊಂಚಲಿನಿಂದ ಒಂದೊಂದಾಗಿ ಕಿತ್ತು, ಪೇಪರ್ ಹಾಸಿದ ಕ್ರೇಟಿನಲ್ಲಿ ಮಲಗಿಸಬೇಕು. ಒಬ್ಬೊಬ್ಬಳ ಪಾಲಿಗೆ ದಿನಕ್ಕೆ ಇಪ್ಪತ್ತು ಕ್ರೇಟು. ಔಷಧಿ ಹೊಡೆದ ಎಲೆ ತಾಗಿ ತಿಲಗವತಿಯ ಬೆರಳ ಸಂದುಗಳು ಸುಲಿದಿವೆ. ಕತ್ತು ಬಲಕ್ಕೆ ಪೂರ್ತಿ ತಿರುಗುವುದಿಲ್ಲ. ಪಟ್ಟಿ ಕಟ್ಟಿಕೋ ಎಂದ ಡಾಕ್ಟರಿಗೆ, "ಪಟ್ಟಿ ಕಟ್ಕೊಂಡು ಮೇಲೆ ಎಂಗೆ ನೋಡದು? ನೀ ಬಂದು ಕೊಯ್ತೀಯಾ?" ಎಂದು ಕೇಳಿ ಬಂದಿದ್ದಾಳೆ.

ಇಂಥ ಕೆಲಸದಲ್ಲಿ ಕತೆಯೇ ನೋವಿಗೆ ಮದ್ದು. ಅದಕ್ಕೊಂದು ಕಟ್ಟುಪಾಡಿದೆ. ಕತೆ ನಡೆಯುವಾಗ ಕೈ ನಿಲ್ಲಬಾರದು. ಸಾಲು ಮುಗಿಯುವ ಮೊದಲು ಕತೆ ಮುಗಿಯಬಾರದು. ಎಲ್ಲಕ್ಕಿಂತ ದೊಡ್ಡದು ಆ "ಎಲ್ಲಿ?" ಎಂಬ ಪ್ರಶ್ನೆ. ಕೇಳುವವರು ನಾಳೆ ಹೋಗಿ ನೋಡಬಹುದಾದ ಜಾಗವನ್ನೇ ಹೇಳಬೇಕು.

"ಎಸ್ರು ಮಾತ್ತಬೌದು ಕಣ್ಣು" ಎನ್ನುತ್ತಾಳೆ ತಿಲಗವತಿ. "ಸತ್ತವಳ ಎಸ್ರು ಏಳಕ್ಕೂಡದು, ಅದು ಅವ್ಳಿಗೆ ಮರ್ಯಾದೆ. ಎಡ ಮಾತ್ರ ಮಾತ್ತಕ್ಕಾಗದು. ಎಡ ಇಲ್ದ ಪೇಯಿಗೆ ಯಾರು ಪಯಪಡ್ತಾರೆ? ಅದು ಬರೀ ಗಾಳಿ."

ಕಣ್ಣು ಎಂಬುದು ಅಕ್ಕರೆಯ ಕರೆ, ಮಾತ್ತುವುದು ಎಂದರೆ ಬದಲಿಸುವುದು. ಎಡ ಎಂದರೆ ಜಾಗ, ಪೇಯಿ ಎಂದರೆ ದೆವ್ವ. ಇಷ್ಟು ಪದ ಕಲಿತರೆ ಮುಂದಿನ ಜಗಳವೆಲ್ಲ ಅರ್ಥವಾಗುತ್ತದೆ.

ಹೋದ ವರ್ಷ ಅವರ ಸಮುದಾಯದ ಸಂಘದವರು ನೋಟ್‌ಬುಕ್ ಓದಿ ಖುಷಿಯಾಗಿ, ವಾರ್ಷಿಕೋತ್ಸವಕ್ಕೆ ಪುಸ್ತಕ ಮಾಡುತ್ತೇವೆ ಎಂದರು. ಸಾವಿರ ಪ್ರತಿ, ಮುಖಪುಟದಲ್ಲಿ ತಿಲಗವತಿಯ ಫೋಟೋ. ಆಕೆ ಸ್ಟುಡಿಯೋಗೂ ಹೋಗಿ ಬಂದಳು. ಕತ್ತು ನೇರ ನಿಲ್ಲದೆ ನಾಲ್ಕು ಸಲ ತೆಗೆದರಂತೆ. ಅಷ್ಟರಲ್ಲಿ ಸಂಘದ ಹಿರಿಯರಾದ ಮಾದವನ್ ಇಪ್ಪತ್ತಮೂರನೇ ಕತೆ ಓದಿದರು.

ಆ ಕತೆಯಲ್ಲಿ ಒಂದು ಬಾವಿಯಿದೆ. ಅದರಲ್ಲಿ ಬಿದ್ದು ಸತ್ತ ಎಳೆ ಸೊಸೆಯಿದ್ದಾಳೆ. ನೀರು ತರಲು ಹೋಗಿ ಕಾಲು ಜಾರಿದಳು ಎಂದು ಮನೆಯವರು ಊರಿಗೆಲ್ಲ ಹೇಳುತ್ತಾರೆ. ಆದರೆ ಕೊಡ ಅಡುಗೆಮನೆಯಲ್ಲೇ ಇರುತ್ತದೆ. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಬಾವಿಯ ಮೆಟ್ಟಿಲು ಹತ್ತಿ, ಒದ್ದೆ ಕಾಲಲ್ಲಿ ಹೊಸ್ತಿಲ ತನಕ ಬಂದು, ಒಂದೇ ಮಾತು ಕೇಳುತ್ತಾಳೆ: "ನನ್ ಕೊಡ ಎಲ್ಲಿ?" ಯಾರೂ ಉತ್ತರ ಕೊಡುವುದಿಲ್ಲ. ಅಷ್ಟೇ ಕತೆ. ಓದಿ ಮೂರು ದಿನ ನಾನು ಬಚ್ಚಲಲ್ಲಿ ಕೊಡ ಮುಟ್ಟಲಿಲ್ಲ.

ಆ ಬಾವಿ ಮಾದವನ್ ಅವರ ತಾತನ ತೋಟದ್ದು. ಸತ್ತವಳು ಆ ಮನೆಯ ಸೊಸೆ. ಅರವತ್ತು ವರ್ಷದ ಹಿಂದಿನ ಮಾತು. ಅವತ್ತು ಆ ಅಡುಗೆಮನೆಯಲ್ಲಿ ಕೊಡ ನೋಡಿದವಳು ತಿಲಗವತಿಯ ಅಜ್ಜಿ. ಆ ಮನೆಯ ಕೂಲಿಯವಳು.

ಮಾದವನ್ ಕೆಟ್ಟವರಲ್ಲ. ನನಗೆ ಕಾಫಿ ಕೊಟ್ಟು, ಮೆತ್ತಗೆ ಮಾತಾಡಿದರು. "ಕದೆ ತೆಗೀರಿ ಅಂತ ನಾ ಏಳ್ಲಿಲ್ಲೆ ಮೇಡಂ. ಬಾವಿ ಮಾತ್ರ ಬೇರೆ ಕಡೆ ಇಡಿ ಅಂದೆ. ಒಡ್ಡನ್‌ಛತ್ರಂ ಕಡೆ ಎಲ್ಲಾದ್ರೂ. ಕದೆ ತಾನೆ? ಯಾರಿಗೇನು ನಷ್ಟ?"

ಕೇಳಿದರೆ ನ್ಯಾಯವಾದ ಮಾತೇ ಅನ್ನಿಸುತ್ತದೆ. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ಒಂದು ಊರಿನ ಹೆಸರು ಬದಲಿಸಿದರೆ ಬಡ ಹೆಂಗಸಿನ ಪುಸ್ತಕ ಹೊರಬರುತ್ತದೆ. ಸಂಘದ ಸಭಾಂಗಣದಲ್ಲಿ ಇಪ್ಪತ್ತು ಗಂಡಸರು ಕುರ್ಚಿಯಲ್ಲಿ ಕೂತು ಇದನ್ನೇ ಹೇಳಿದರು. ತಿಲಗವತಿ ನಿಂತೇ ಉತ್ತರ ಕೊಟ್ಟಳು.

"ಅಣ್ಣೇ, ಒಡ್ಡನ್‌ಛತ್ರಂದಾಗೆ ಅವ್ಳಿಗೆ ಯಾರು ಗೊತ್ತು? ಅಲ್ಲಿ ತರ್ಕಾರಿ ಲಾರಿಗಳ ನಡ್ವೆ ನಿಂತ್ಕೊಂಡು ಯಾರ ಮನೆ ಒಸ್ಲಲ್ಲಿ ಕೊಡ ಕೇಳ್ತಾಳೆ? ಅವ್ಳು ಕೇಳ್ಬೇಕಾದ ಮನೆ ಇಲ್ಲಿ ಅದೆ."

ಯಾರೋ, ಹಾಗಿದ್ದರೆ ಪುಸ್ತಕವಿಲ್ಲ ಎಂದರು. "ಬ್ಯಾಡ" ಎಂದಳು. ಒಂಬತ್ತೂ ನೋಟ್‌ಬುಕ್ ಎದೆಗವಚಿಕೊಂಡು ಬಿಸಿಲಲ್ಲಿ ನಡೆದೇ ಮನೆಗೆ ಬಂದಳು. ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅದನ್ನೂ ಆಕೆಯೇ ಹೇಳಿದ್ದು. "ಅತ್ತೆ, ಬರ್ಕೋ. ಫೋಟೋ ಬೇರೆ ಚೆಂದಾಗಿ ಬಂದಿತ್ತು." ಮರುದಿನದಿಂದ ಮಾದವನ್ ಅವರ ನೆಂಟರ ನಾಲ್ಕು ತೋಟಗಳಿಂದ ಆಕೆಗೆ ಕರೆ ಬರಲಿಲ್ಲ. ಉಳಿದ ಹನ್ನೊಂದು ಹೆಂಗಸರು, "ಅವ್ಳಿಲ್ದೆ ನಾವು ಕತ್ರಿ ಇಡಿಯಲ್ಲ" ಎಂದು ಕೂತುಬಿಟ್ಟರು. ಹಣ್ಣು ಕಾಯುತ್ತದೆಯೇ? ಐದನೇ ದಿನ ಮೇಸ್ತ್ರಿಯೇ ಮನೆಗೆ ಬಂದು ಕರೆದ.

ಸಂಘ ಕೈಬಿಟ್ಟ ಪುಸ್ತಕವನ್ನು ಈಗ ಬಾವಿಯ ಜಾಗ ಬದಲಿಸದೆ ಅಚ್ಚು ಹಾಕುತ್ತಿರುವವನು ರಾಜಮ್ಮಾಳ್ ಮಗ ಅಳಗರ್. ಮದುವೆ ಪತ್ರಿಕೆ, ಕಿವಿ ಚುಚ್ಚುವ ಪತ್ರಿಕೆ ಮಾಡುವ ಸಣ್ಣ ಪ್ರೆಸ್ಸು ಅವನದು. ಕೂಲಿ ಬೇಡ ಎಂದಿದ್ದಾನೆ. ಮಾದವನ್ ಕಡೆಯವರು ಮುಂದಿನ ವರ್ಷದ ಪತ್ರಿಕೆಗಳೆಲ್ಲ ಬೇರೆ ಕಡೆ ಎಂದು ಹೆದರಿಸಿದ್ದಾರೆ. "ನಂಗೆ ಅವ್ರ ಪಯ ಇಲ್ಲದಿಲ್ಲ ಅಕ್ಕಾ" ಎಂದು ಒಪ್ಪಿಕೊಂಡ. "ಆದ್ರೆ ನಮ್ಮವ್ವನ ಪಯ ಜಾಸ್ತಿ." ಮೊದಲಿಗೆ ಇನ್ನೂರು ಪ್ರತಿ.

ಅಚ್ಚಿಗೆ ಹೋಗಲು ಎರಡು ದಿನ ಇರುವಾಗ ಮಾದವನ್ ಒಂದು ಕೆಲಸ ಮಾಡಿದರು. ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಜೆಸಿಬಿ ತರಿಸಿ ಬಾವಿಯನ್ನು ಮುಚ್ಚಿಸಿದರು. ಹದಿನೇಳು ಲೋಡು ಮಣ್ಣು. ಮೇಲೆ ಬಾಳೆ ಕಂದು ನೆಡಿಸಿದರು. "ಬಾವಿಯೇ ಇಲ್ಲದ ಮೇಲೆ ಆಯಮ್ಮನ ಕದೆ ಸುಳ್ಳು ತಾನೆ?" ಎಂದು ಫೋನಿನಲ್ಲಿ ನನಗೆ ಹೇಳಿದರು. ದನಿಯಲ್ಲಿ ಗೆದ್ದ ಸಮಾಧಾನವಿತ್ತು. ನನಗೆ ಮೈ ಉರಿಯಿತು.

ನಾನು ಸೀದಾ ಪ್ರೆಸ್ಸಿಗೆ ಹೋದೆ. ತಿಲಗವತಿ ಆಗಲೇ ಅಲ್ಲಿದ್ದಳು. ಅಳಗರ್ ಪಕ್ಕ ಸ್ಟೂಲಿನ ಮೇಲೆ ಕೂತು ಇಪ್ಪತ್ತಮೂರನೇ ಕತೆಗೆ ಎರಡು ಸಾಲು ಸೇರಿಸುತ್ತಿದ್ದಳು. ಕಂಬಂನಿಂದ ಸುರುಳಿ ಕಡೆ ಹೋಗುವ ದಾರಿ, ನಾಲ್ಕನೇ ಮೈಲಿಗಲ್ಲು, ಎಡಗಡೆ ಎರಡು ಹುಣಸೆ ಮರದ ನಡುವೆ ಬಾವಿ ಎಂಬ ಸಾಲು ಹಾಗೇ ಇತ್ತು. ಅದರ ಕೆಳಗೆ, ಯಾವ ತಾರೀಕು ಯಾರು ಎಷ್ಟು ಲೋಡು ಮಣ್ಣು ಹಾಕಿ ಅದನ್ನು ಮುಚ್ಚಿಸಿದರು ಎಂದು ಬರೆಸಿದಳು. ಒಂದು ಬೈಗುಳವಿಲ್ಲ.

ಪುಸ್ತಕ ಬಂದ ಮೇಲೆ ಏನಾಸೆ ಎಂದು ಕೇಳಿದೆ. ಒಂದು ಪ್ರತಿಯನ್ನು ತಾನೇ ಮಾದವನ್ ಮನೆಗೆ ಒಯ್ದು ಕೊಡಬೇಕಂತೆ. ಬೇರೇನೂ ಬೇಡವಂತೆ.

"ಈಗ ಬಾವಿಯೇ ಇಲ್ಲವಲ್ಲ, ಹೆದರಿಕೆ ಕಡಿಮೆಯಾಗುವುದಿಲ್ಲವೇ?" ಎಂದೆ.

ತಿಲಗವತಿ ನನ್ನತ್ತ ಇಡೀ ಮೈ ತಿರುಗಿಸಿ ನೋಡಿದಳು. ಆಮೇಲೆ ನಕ್ಕಳು.

"ಅಯ್ಯೋ ಕಣ್ಣು, ಇಷ್ಟು ದಿನ ಅವ್ಳು ಬಾವೀಲಿ ಮಾತ್ರ ಇದ್ಲು. ಅದ್ನ ಮುಚ್ಚುಬುಟ್ರು. ಇನ್ಮೇಲೆ ತೋಟ ಪೂರಾ ಅವಳ್ದೇ."